ಶಿಫ್ಟ್ ಡ್ಯೂಟಿ ಮಾಡುತ್ತಲೇ ಐಇಎಲ್‌ಟಿಎಸ್‌ಗೆ ಓದುವುದು ಹೇಗೆ?

ನಾನು ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್, ಮನೆ ಧಾರವಾಡದ ಸಪ್ತಾಪುರದಲ್ಲಿ. ವಿದೇಶಕ್ಕೆ ಹೋಗಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಕೋಚಿಂಗ್ ಬೋರ್ಡ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ನೈಟ್ ಡ್ಯೂಟಿ ಬಂದರೆ ಕ್ಲಾಸ್ ತಪ್ಪುತ್ತದೆ. ಹಾಗಾಗಿ ಮನೆಯಲ್ಲೇ ಓದಿದೆ. ಈಗ ವಾರ್ಡಿನ ಹುಡುಗಿಯರು 'ಅಕ್ಕಾ, ಎಲ್ಲಿಂದ ಶುರು ಮಾಡಲಿ?' ಅಂತ ಕೇಳುತ್ತಾರೆ. ಅವರಿಗಾಗಿಯೇ ಇದು.

ಎಷ್ಟು ಬ್ಯಾಂಡ್, ಅಂದರೆ ಅಂಕ, ಬೇಕು ಅಂತ ಮೊದಲು ತಿಳಿದುಕೊಳ್ಳಿ. ಬ್ರಿಟನ್ನಿನಲ್ಲಿ ನರ್ಸ್ ಆಗಲು ಐಇಎಲ್‌ಟಿಎಸ್‌ನ 'ಅಕಾಡೆಮಿಕ್' ಎಂಬ ಬಗೆಯ ಪರೀಕ್ಷೆಯ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ನಲ್ಲಿ ತಲಾ 7, ರೈಟಿಂಗ್‌ನಲ್ಲಿ 6.5 ಬೇಕು. ಫಲಿತಾಂಶಕ್ಕೆ 2 ವರ್ಷವಷ್ಟೇ ಬೆಲೆ. ತೀರಾ ಮುಂಚೆ ಬರೆಯಬೇಡಿ.

ರೀಡಿಂಗ್‌ನಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಜಾಸ್ತಿ ಜನ ಎಡವುವುದು 'ಟ್ರೂ, ಫಾಲ್ಸ್, ನಾಟ್ ಗಿವನ್' ಪ್ರಶ್ನೆಗಳಲ್ಲಿ. 'ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸಿಗೆ ಪ್ರತ್ಯೇಕ ಲೇನ್ ಇದೆ' ಅಂತ ಪಾಠದಲ್ಲಿದೆ ಅಂದುಕೊಳ್ಳಿ. ಪ್ರಶ್ನೆ 'ಚಿಗರಿಗೆ ಪ್ರತ್ಯೇಕ ಲೇನ್ ಇಲ್ಲ' ಅಂದರೆ ಫಾಲ್ಸ್. 'ಚಿಗರಿ ಬೇರೆ ಬಸ್ಸಿಗಿಂತ ಬೇಗ ಮುಟ್ಟುತ್ತದೆ' ಅಂದರೆ? ದಿನಾ ಓಡಾಡುವ ನಾವು ತಟ್ಟನೆ ಟ್ರೂ ಅಂತೀವಿ, ಅಲ್ವಾ? ಆದರೆ ಪಾಠ ಅದನ್ನು ಹೇಳಿಲ್ಲ. ಉತ್ತರ ನಾಟ್ ಗಿವನ್. ನಿಮಗೆ ಗೊತ್ತಿರುವ ವಿಷಯ ಬಂದಾಗಲೇ ಹೆಚ್ಚು ಹುಷಾರಾಗಿರಿ. ಪ್ರತಿ ಉತ್ತರಕ್ಕೂ ಪಾಠದ ಯಾವ ಸಾಲು ಆಧಾರ ಅಂತ ಬೆರಳಿಟ್ಟು ತೋರಿಸುವ ರೂಢಿ ಮಾಡಿಕೊಳ್ಳಿ.

ಲಿಸನಿಂಗ್ ಆಡಿಯೋ ಒಂದೇ ಸಲ ಕೇಳಿಸುತ್ತಾರೆ. ಮನೆಯಲ್ಲೂ ನಿಲ್ಲಿಸದೆ ಕೇಳಿ. 'ಎರಡು ಪದ ಮೀರಬಾರದು' ಅಂದಲ್ಲಿ ಮೂರು ಬರೆದರೆ ಅಂಕವಿಲ್ಲ, ಸ್ಪೆಲ್ಲಿಂಗ್ ತಪ್ಪಿದರೂ ಇಲ್ಲ. ಬಹುವಚನದ ಕೊನೆಯ 'ಎಸ್' ಮೇಲೂ ಕಿವಿ ಇರಲಿ.

ರೈಟಿಂಗ್‌ಗೆ ನಾವು ನರ್ಸ್‌ಗಳು ನಿಜವಾಗಿ ಬೆವರು ಸುರಿಸಬೇಕು. 'ಪೇಷಂಟ್ ಸ್ಟೇಬಲ್, ವೈಟಲ್ಸ್ ನಾರ್ಮಲ್' ಅಂತ ಕೇಸ್‌ಶೀಟ್ ಬರೆದು ಬರೆದು ಪೂರ್ತಿ ವಾಕ್ಯ ಬರೆಯುವುದೇ ಕೈಗೆ ಮರೆತಿರುತ್ತದೆ. ಇದರಲ್ಲಿ ಎರಡು ಟಾಸ್ಕ್. ಎರಡನೆಯದಾದ ಪ್ರಬಂಧಕ್ಕೆ ಮೊದಲನೆಯದರ ದುಪ್ಪಟ್ಟು ತೂಕ. ಕನಿಷ್ಠ 250 ಪದ, 40 ನಿಮಿಷ. ನನ್ನ ಮಾತು ಕೇಳಿ, ಅದನ್ನೇ ಮೊದಲು ಬರೆಯಿರಿ. ದೊಡ್ಡ ದೊಡ್ಡ ಪದ ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದು ಅಭಿಪ್ರಾಯ, ಅದಕ್ಕೊಂದು ಕಾರಣ, ಕಾರಣಕ್ಕೊಂದು ಉದಾಹರಣೆ: ಒಂದು ಪ್ಯಾರಾಕ್ಕೆ ಇಷ್ಟು ಸಾಕು. ಬರೆದದ್ದನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಯಾರಿಗಾದರೂ ಕೊಟ್ಟು ತಿದ್ದಿಸಿ. ಇದೊಂದು ಕೆಲಸ ಒಬ್ಬರೇ ಕೂತು ಆಗುವುದಲ್ಲ.

ಸ್ಪೀಕಿಂಗ್ 11ರಿಂದ 14 ನಿಮಿಷ. ನಡುವೆ ಒಂದು ಕಾರ್ಡ್ ಕೊಟ್ಟು ಯೋಚಿಸಲು 1 ನಿಮಿಷ ಬಿಡುತ್ತಾರೆ. ಆಮೇಲೆ 2 ನಿಮಿಷದವರೆಗೆ ನೀವೇ ಮಾತಾಡಬೇಕು. ಉಣಕಲ್ ಕೆರೆ ಬಗ್ಗೆ ಮಾತಾಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನೋಡಿ. 'ಎಗ್' 'ಯೆಗ್' ಆಗುವುದು, ಮಾತು ಎಲ್ಲಿ ಕಟ್ಟುತ್ತದೆ, ಎಲ್ಲ ನಿಮಗೇ ಕೇಳಿಸುತ್ತದೆ. ವಿದೇಶಿಯರ ಧಾಟಿ ಅನುಕರಿಸಬೇಕಿಲ್ಲ, ಸ್ಪಷ್ಟವಾಗಿದ್ದರೆ ಆಯಿತು.

ಮಾದರಿ ಪ್ರಶ್ನೆಪತ್ರಿಕೆಗಳು ಐಇಎಲ್‌ಟಿಎಸ್‌ನ ಅಧಿಕೃತ ವೆಬ್‌ಸೈಟ್‌ನಲ್ಲೇ ಉಚಿತವಾಗಿ ಸಿಗುತ್ತವೆ. ಪಾಸ್‌ಪೋರ್ಟ್ ಇಲ್ಲದವರು ಓದು ಶುರುಮಾಡಿದ ವಾರವೇ ಅರ್ಜಿ ಹಾಕಿ. ನೋಂದಣಿಗೂ ಅದೇ ಬೇಕು, ಪರೀಕ್ಷೆಯ ದಿನವೂ ಅದನ್ನೇ ತೋರಿಸಬೇಕು.