10 ರೂಪಾಯಿಗೆ 16 ಪುಟ: ಹೈಸ್ಕೂಲು ಮಕ್ಕಳಿಗೆ ಕಾದಂಬರಿ ಮಾರಿದ ನನ್ನ ಅನುಭವ

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಕನ್ನಡ ಕಾದಂಬರಿ ಕೊಂಡು ಓದುವುದಿಲ್ಲ. ಇದನ್ನು ನನಗೆ ಹೇಳದವರೇ ಇಲ್ಲ. ಸಣ್ಣವರಿಗೆ ಬಣ್ಣದ ಚಿತ್ರದ ಪುಸ್ತಕ ಹೋಗುತ್ತದೆ, ದೊಡ್ಡವರಿಗೆ ಕಾದಂಬರಿ ಹೋಗುತ್ತದೆ, ನಡುವಿನವರಿಗೆ ಗೈಡು ಬಿಟ್ಟು ಬೇರೇನೂ ಹೋಗುವುದಿಲ್ಲ ಅನ್ನುವುದು ನಮ್ಮ ಪುಸ್ತಕದ ಮಂದಿಯ ಹಳೇ ಮಾತು. ಮನೆ, ಊರು, ತಾನು ಯಾರು ಅನ್ನುವ ವಿಷಯ ಇಟ್ಟುಕೊಂಡು ಆ ವಯಸ್ಸಿಗೆ ಬರೆದರೆ ಕೈ ಸುಟ್ಟುಕೊಳ್ಳುತ್ತೀರಿ ಎಂದು ಬೆಂಗಳೂರಿನ ಹಿರಿಯ ಪ್ರಕಾಶಕರೊಬ್ಬರು ಪ್ರೀತಿಯಿಂದಲೇ ಎಚ್ಚರಿಸಿದ್ದರು.

ಈಗ ಗದಗ, ಕೊಪ್ಪಳ ಕಡೆಯ ಹೆಚ್ಚು ಕಡಿಮೆ 40 ಹೈಸ್ಕೂಲುಗಳ ಹತ್ತಿರ ನನ್ನ ಕತೆಗಳು ಮಾರಾಟವಾಗುತ್ತಿವೆ. ಕಳೆದ ಹಂಗಾಮಿನಲ್ಲಿ ಬಿಡಿ ಭಾಗಗಳ ಲೆಕ್ಕದಲ್ಲಿ 14 ಸಾವಿರದ ಆಸುಪಾಸು ಹೋಗಿರಬೇಕು. ತಲೆ ಮೇಲೆ ಸಾಲ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಮಾಡಿದ್ದೆ. 160 ಪುಟ, ಡೆಮಿ ಅಷ್ಟಕ ಅನ್ನುವ ಮಾಮೂಲಿ ಕಾದಂಬರಿಯ ಸೈಜು, ನಾಲ್ಕು ಬಣ್ಣದ ಮುಖಪುಟ, ಬೆಲೆ 150 ರೂಪಾಯಿ, ಸಾವಿರ ಪ್ರತಿ. 50 ಸಾವಿರದ ಹತ್ತಿರ ಖರ್ಚು ಬಿತ್ತು. ವಿತರಕರು 40 ಪರ್ಸೆಂಟ್ ಹಿಡಿದುಕೊಂಡರು, ಚೆಕ್ ಬಂದದ್ದು ಒಂದೂವರೆ ವರ್ಷಕ್ಕೆ. ಮುನ್ನೂರು ಚಿಲ್ಲರೆ ಪ್ರತಿ ಇನ್ನೂ ಅಟ್ಟದ ಮೇಲೆ ಇವೆ. ಪುಸ್ತಕ ಮೇಳಗಳಲ್ಲಿ ಮಳಿಗೆ ಹಾಕಿ ಕೂತೆ. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಹುಡುಗಿ ಪುಸ್ತಕ ಎತ್ತಿಕೊಳ್ಳುತ್ತಾಳೆ, ನಿಂತಲ್ಲೇ ಎರಡು ಪುಟ ಓದುತ್ತಾಳೆ. ಅವ್ವ ಅದನ್ನು ಇಸಿದುಕೊಂಡು ಹಿಂದೆ ತಿರುಗಿಸಿ ಬೆಲೆ ನೋಡುತ್ತಾಳೆ. "ಇದು ಪರೀಕ್ಷಾಕ್ಕ ಬರ್ತೈತೇನ್ರಿ?" ಅಷ್ಟೇ, ಪುಸ್ತಕ ವಾಪಸ್ ಮೇಜಿನ ಮೇಲೆ. ಓದುವವಳು ಮಗಳು, ದುಡ್ಡು ಅವ್ವನದು. ಮಗು ತನ್ನ ದುಡ್ಡಿನಲ್ಲಿ ತಾನೇ ಕೊಳ್ಳುವ ಬೆಲೆಗೆ ಪುಸ್ತಕ ಇಳಿಯಬೇಕು ಅನ್ನುವುದು ನನಗೆ ಅಲ್ಲಿ ಖಾತ್ರಿಯಾಯಿತು. ನಮ್ಮ ಕಡೆ ಹೈಸ್ಕೂಲು ಮಕ್ಕಳ ಕೈಯಲ್ಲಿ ಇರುವುದು 10 ರೂಪಾಯಿ.

10 ರೂಪಾಯಿಗೆ ಏನು ಕೊಡಬಹುದು? ಒಂದು ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಮಡಿಸುವ 16 ಪುಟ. ಕಾದಂಬರಿಯನ್ನು ಹತ್ತು ಫಾರಂ ಮಾಡಿ ಒಂದೊಂದೇ ಬಿಡುವುದು. ಪ್ರೆಸ್ಸಿನವರು ನಕ್ಕರು. ಬೆನ್ನೇ ಇಲ್ಲದ ಪುಸ್ತಕವನ್ನು ಯಾವ ಅಂಗಡಿಯವನು ಇಟ್ಟುಕೊಳ್ಳುತ್ತಾನೆ ಎಂದರು. ಪುಸ್ತಕದ ಅಂಗಡಿಯವರು ಇಟ್ಟುಕೊಳ್ಳಲೂ ಇಲ್ಲ. ಕಪಾಟಿನಲ್ಲಿ ನಿಲ್ಲುವುದಿಲ್ಲ, ಕಮಿಷನ್ ಸಾಲುವುದಿಲ್ಲ, ಬಿಲ್ ಬರೆಯುವ ಖರ್ಚೂ ಹುಟ್ಟುವುದಿಲ್ಲ ಎಂದು ಮುಖದ ಮೇಲೇ ಹೇಳಿದರು.

ದಾರಿ ಸಿಕ್ಕಿದ್ದು ಶಾಲೆ ಎದುರಿನ ಪೆನ್ನು, ನೋಟ್‌ಬುಕ್ ಅಂಗಡಿಗಳಲ್ಲಿ. ಅಲ್ಲಿಗೆ ಮಗು ದಿನಾ ಒಮ್ಮೆ ಹೋಗೇ ಹೋಗುತ್ತದೆ. ಪ್ರತಿಗೆ 2 ರೂಪಾಯಿ ಅಂಗಡಿಯವರಿಗೆ. ಹೊಸ ಭಾಗ ಕೊಡುವಾಗ ಹಳೆಯದರ ದುಡ್ಡು ಕೈಗೆ ಬರಬೇಕು, ಉದ್ರಿ ಇಲ್ಲ. ಅವರು ಇದಕ್ಕೆ ಹೇಗೆ ಒಪ್ಪಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಬಹಳ ದಿನ ಹಿಡಿಯಿತು.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. 70 ಜಿಎಸ್‌ಎಂ ಮ್ಯಾಪ್ಲಿಥೋ ಅನ್ನುವ ಮಾಮೂಲಿ ಪುಸ್ತಕದ ಕಾಗದ, ಒಂದೇ ಬಣ್ಣ, ಮುಖಪುಟವೂ ಅದೇ ಕಾಗದ. ಡೆಮಿ ಶೀಟು ಒಂದಕ್ಕೆ ಒಂದು ಪ್ರತಿ. 1500 ಪ್ರತಿಗೆ 500 ಹಾಳೆಯ ಮೂರು ರೀಮು, ಮೇಲೆ ವೇಸ್ಟೇಜು. ಪ್ಲೇಟು, ಅಚ್ಚು, ಮಡಿಕೆ, ಎರಡು ಪಿನ್ನು, ಕಟಿಂಗು, ಚಿತ್ರ ಬರೆದವರಿಗೆ ಕೊಟ್ಟದ್ದು ಎಲ್ಲ ಸೇರಿ ಪ್ರತಿಗೆ ನಾಲ್ಕೂವರೆ ರೂಪಾಯಿ ಬೀಳುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ ಇದೆ, ಆ ಭಾರ ನಮ್ಮ ಮೇಲೆಯೇ. ಅಂಗಡಿಗೆ 2, ಬಸ್ಸಿಗೆ ಹಾಕಿ ಕಳಿಸುವ ಖರ್ಚು ಅರ್ಧ. ಕೈಯಲ್ಲಿ ಉಳಿಯುವುದು 3 ರೂಪಾಯಿ. ಹತ್ತೂ ಭಾಗ ಓದಿದ ಮಗುವಿನಿಂದ 30. ಹಳೇ ಪುಸ್ತಕದಲ್ಲಿ ಪ್ರತಿಗೆ 40 ಉಳಿಯಬೇಕಿತ್ತು, ನಿಜ. ಆದರೆ ಅದು ಒಂದೂವರೆ ವರ್ಷದ ನಂತರದ 40, ಮಾರದೆ ಉಳಿದದ್ದರ ನಷ್ಟ ಬೇರೆ. ಇಲ್ಲಿ ಹಾಕಿದ ದುಡ್ಡು ಹದಿನೈದು ದಿನಕ್ಕೆ ತಿರುಗುತ್ತದೆ. ಮೊದಲ ಎರಡು ಭಾಗಕ್ಕೆ ಬಂಡವಾಳ ಇದ್ದರೆ ಸಾಕು, ಮೂರನೆಯದನ್ನು ಮೊದಲನೆಯದೇ ಅಚ್ಚು ಹಾಕಿಸುತ್ತದೆ.

ದುಡ್ಡು ಬರುವುದು 10 ರೂಪಾಯಿ ನಾಣ್ಯದಲ್ಲಿ. ನಮ್ಮ ಕಡೆ ಈ ನಾಣ್ಯ ನಡೆಯುವುದಿಲ್ಲ ಎಂದು ಎಷ್ಟೋ ಅಂಗಡಿಯವರು, ಬಸ್ಸಿನವರು ವಾಪಸ್ ಕೊಡುತ್ತಿದ್ದರು. ಎಲ್ಲ ನಮೂನೆಯ ನಾಣ್ಯವೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿತ್ತು, ಆದರೂ ಅನುಮಾನ ಹೋಗಿರಲಿಲ್ಲ. ಮನೆಯಲ್ಲಿ ದೊಡ್ಡವರು ಖರ್ಚಾಗದೆ ಡಬ್ಬಿಯಲ್ಲಿ ಹಾಕಿಟ್ಟ ನಾಣ್ಯಗಳು ಮಕ್ಕಳ ಕೈ ಸೇರಿದ್ದವು. ನನ್ನ ಪುಸ್ತಕಕ್ಕೆ ನಾಣ್ಯ ತೆಗೆದುಕೊಳ್ಳಿ, ನಾನು ಅಷ್ಟೂ ನಿಮ್ಮಿಂದ ಒಯ್ಯುತ್ತೇನೆ ಎಂದು ಅಂಗಡಿಯವರಿಗೆ ಮಾತು ಕೊಟ್ಟೆ. ಮಾರಾಟ ಅಲ್ಲಿಂದಲೇ ಏರಿತು.

ಒಂದನೇ ಭಾಗ ಯಾವಾಗಲೂ ಜಾಸ್ತಿ ಹೋಗುತ್ತದೆ, ಮೂರನೆಯದಕ್ಕೆ ಇಳಿಯುತ್ತದೆ, ಐದಕ್ಕೆ ಮತ್ತೆ ಏರುತ್ತದೆ. ಐದು ಓದಿದವರು ಗೆಳೆಯರನ್ನು ಕರೆತರುತ್ತಾರೆ, ಆಗ ಒಂದನೇ ಭಾಗ ಮತ್ತೆ ಬೇಕು. ಅದಕ್ಕೇ ಮೊದಲ ಎರಡು ಭಾಗದ ಪ್ಲೇಟು ಕೆಡದ ಹಾಗೆ ಗಮ್ ಹಚ್ಚಿ ಇಡಿಸುತ್ತೇನೆ. ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ, ಅಲ್ವಾ? ಇಂಥ ಸಣ್ಣ ಕೆಲಸವನ್ನು ಬೇಸರವಿಲ್ಲದೆ ಮಾಡಿಕೊಡುವ ಕೈಗಳು ಅಲ್ಲಿ ಇನ್ನೂ ಇವೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಪ್ರೂಫನ್ನು ನೀವೇ ನೋಡಿ.

ಇನ್ನು ಕತೆಯ ಮಾತು. ಅಗ್ಗವಾಗಿದೆ ಅಂತ ಎರಡನೇ ಭಾಗವನ್ನು ಯಾರೂ ಕೊಳ್ಳುವುದಿಲ್ಲ.

ಮೊದಲು ಭಾಗ ಮಾಡಿ ಬಿಟ್ಟ ಕತೆಯ ಹುಡುಗ ಲಂಬಾಣಿ ತಾಂಡಾದವನು. ದೀಪಾವಳಿ ಮುಗಿದ ಮೇಲೆ ಅವನ ಅಪ್ಪ, ಅವ್ವ ಕೂಲಿಯವರನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಹುಡುಗ ಅಜ್ಜಿಯ ಜೊತೆ ಉಳಿಯಬೇಕು, ಇಲ್ಲವೇ ತಂಗಿಯನ್ನು ನೋಡಿಕೊಳ್ಳಲು ಗದ್ದೆಗೆ ಹೋಗಬೇಕು. ಅಚ್ಚಿಗೆ ಮೊದಲು ಹಸ್ತಪ್ರತಿಯನ್ನು ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಟ್ಟಿಯಾಗಿ ಓದಿದೆ. ಹುಡುಗ ಓಟದ ಸ್ಪರ್ಧೆಯಲ್ಲಿ ಗೆಲ್ಲುವ ಅಧ್ಯಾಯ ಬಂದಾಗ ಹಿಂದಿನ ಬೆಂಚಿನವರು ಕಿಟಕಿ ನೋಡಿದರು. ಮುಂಗಡದ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತಿ, ಕೈಯ ಮಸಿಯನ್ನು ಸೆರಗಿಗೆ ಒರೆಸದೆ ಗೋಡೆಗೆ ಒರೆಸುವ ಜಾಗ ಬಂದಾಗ ಇಡೀ ಕ್ಲಾಸು ಅಲ್ಲಾಡಲಿಲ್ಲ. ಓಟದ ಅಧ್ಯಾಯ ಪೂರ್ತಿ ಕಿತ್ತು ಹಾಕಿದೆ. ಅಡ್ಡಿ ಅನ್ನುವುದು ಮೈದಾನದಲ್ಲಿ ಇರುವುದಿಲ್ಲ. ಮನೆಯಲ್ಲಿ, ಅರ್ಜಿಯಲ್ಲಿ, ಹಾಜರಿ ಪುಸ್ತಕದಲ್ಲಿ ಇರುತ್ತದೆ. ಅದು ಗೊತ್ತಿರುವ ಮಕ್ಕಳಿಗೆ ಓಟದಲ್ಲಿ ಕಪ್ ಗೆದ್ದ ಕತೆ ಹೇಳಿದರೆ ನಂಬುವುದಿಲ್ಲ.

ಆ ಕತೆಯಲ್ಲಿ ಮನೆಯ ಮಾತುಗಳು ಲಂಬಾಣಿಗರ ಭಾಷೆ ಗೋರ್ ಬೋಲಿಯಲ್ಲೇ ಇವೆ. ಹುಡುಗ ಅವ್ವನನ್ನು ಯಾಡಿ ಎಂದೇ ಕರೆಯುತ್ತಾನೆ. ಕೆಳಗೆ ಅರ್ಥ ಕೊಟ್ಟಿಲ್ಲ. ಕನ್ನಡ ಮೇಷ್ಟ್ರೊಬ್ಬರು ಇದು ಯಾರಿಗೆ ತಿಳಿಯುತ್ತದೆ ಎಂದು ಬೇಜಾರು ಮಾಡಿಕೊಂಡರು. ತಿಳಿಯದವರು ಪಕ್ಕದ ಬೆಂಚಿನ ತಾಂಡಾದ ಮಕ್ಕಳನ್ನು ಕೇಳಿದರು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ನಾಲ್ಕನೇ ಭಾಗವನ್ನು ಗೆಳತಿಯರಿಗೆ ಓದಿ ಹೇಳುತ್ತಿದ್ದುದನ್ನು ನಾನೇ ನೋಡಿದೆ. ಆ ಮಾತುಗಳನ್ನು ತಿದ್ದಿಕೊಟ್ಟದ್ದೂ ತಾಂಡಾದ ಮಕ್ಕಳೇ. ಅವರಿಗೆ ದುಡ್ಡು ಕೊಟ್ಟಿದ್ದೇನೆ, ಪುಸ್ತಕದಲ್ಲಿ ಹೆಸರೂ ಹಾಕಿದ್ದೇನೆ. ಇದನ್ನು ಯಾರೂ ಬಿಡಬೇಡಿ.

ಕತೆಯ ಹುಡುಗನಂಥ ಓದುಗರು ಭಾಗಗಳು ಮುಗಿಯುವ ಮೊದಲೇ ಗುಳೆ ಹೋಗಿಬಿಟ್ಟರು. ನವೆಂಬರ್‌ನಲ್ಲಿ ತಾಂಡಾ ಪಕ್ಕದ ಅಂಗಡಿಗಳಲ್ಲಿ ಮಾರಾಟ ಅರ್ಧಕ್ಕೆ ಬಿತ್ತು. ಆಗ ತಿಂಗಳಿಗೊಂದು ಬಿಡುತ್ತಿದ್ದೆ. ಈಗ ಜೂನ್‌ನಲ್ಲಿ ಶುರು, ಹದಿನೈದು ದಿನಕ್ಕೊಂದು ಭಾಗ, ದೀಪಾವಳಿಯ ಒಳಗೆ ಹತ್ತೂ ಮುಗಿಯಲೇಬೇಕು. ದೀಪಾವಳಿ ಬೇಗ ಬರುವ ವರ್ಷ ಕೊನೆಯ ಎರಡು ಭಾಗ ಒಟ್ಟಿಗೇ ಕೊಡುತ್ತೇನೆ. ಬರೆಯುವುದು ಮಾತ್ರ ಪೂರ್ತಿ ಮುಗಿದಿರುತ್ತದೆ, ಬರೆಯುತ್ತಾ ಅಚ್ಚು ಹಾಕುವ ಸಾಹಸ ಬೇಡ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ದಸರಾ ರಜೆ ಮುಗಿದರೆ ಅವರ ಕೈಯಲ್ಲಿ ಗೈಡು ಬಿಟ್ಟು ಬೇರೆ ನಿಲ್ಲುವುದಿಲ್ಲ.

ದೀಪಾವಳಿ ಆದ ಮೇಲೆ ಪೂರ್ತಿ ಸೆಟ್ಟುಗಳನ್ನು ಕೆಲವು ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ, ಈಗಿನ ಅರಿವು ಕೇಂದ್ರಗಳಿಗೆ ಸುಮ್ನೆ ಕೊಡುತ್ತೇನೆ. 2020ರ ಓದುವ ಬೆಳಕು ಕಾರ್ಯಕ್ರಮದಿಂದ ಅಲ್ಲಿ ಮಕ್ಕಳ ಓಡಾಟ ಜಾಸ್ತಿಯಾಗಿದೆ. ಪುಕ್ಕಟೆ ಸಿಕ್ಕರೆ ಯಾರು ಕೊಳ್ಳುತ್ತಾರೆ ಎಂದು ಕೆಲವರು ಕೇಳಿದರು. ಯುಗಾದಿ ಹೊತ್ತಿಗೆ ಊರಿಗೆ ಮರಳಿದ ಮಕ್ಕಳು ಅಲ್ಲಿ ಓದುತ್ತಾರೆ, ಜೂನ್‌ನಲ್ಲಿ ಹೊಸ ಕತೆಯ ಒಂದನೇ ಭಾಗ ಬಂತಾ ಎಂದು ಅಂಗಡಿಯಲ್ಲಿ ಮೊದಲು ಕೇಳುವವರೂ ಅವರೇ.

ಪ್ರಯೋಗಗಳು ಬೇಕಾದಷ್ಟು ಮಾಡಿದ್ದೇನೆ. ಬಣ್ಣದ ಮುಖಪುಟ ಹಾಕಿ ನೋಡಿದೆ, ಪ್ರತಿಗೆ 3 ರೂಪಾಯಿ ಏರಿತು, ಮಾರಾಟ ಅಷ್ಟೇ ಇತ್ತು. ಕ್ಯೂಆರ್ ಕೋಡ್ ಹಾಕಿ ಕತೆಯನ್ನು ದನಿಯಲ್ಲಿ ಕೇಳಿಸಲು ನೋಡಿದೆ. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಬರುವುದು ರಾತ್ರಿ. ರೆಕಾರ್ಡಿಂಗಿಗೆ ಹಾಕಿದ ಐದಾರು ಸಾವಿರ ಹೋಯಿತು. ಅದರ ಬದಲು 50 ಪೈಸೆಯ ಪೋಸ್ಟ್ ಕಾರ್ಡು ಕೆಲಸ ಮಾಡಿತು. ಪುಸ್ತಕದಲ್ಲಿ ನನ್ನ ವಿಳಾಸ ಹಾಕಿ, ಬರೆಯಿರಿ ಎಂದೆ, ಒಂದು ಹಂಗಾಮಿಗೆ ಇನ್ನೂರರ ಹತ್ತಿರ ಬಂದವು. "ಆ ಹುಡುಗ ವಾಪಸ್ ಸಾಲಿಗೆ ಬರ್ತಾನೋ ಇಲ್ಲೋ, ಅದೊಂದು ಹೇಳ್ರಿ" ಅನ್ನುವುದೇ ಜಾಸ್ತಿ.

ಇನ್ನೊಂದು ಪ್ರಯೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೇ ಕತೆಯ ಹುಡುಗಿಗೆ ಅಪ್ಪ ಬಿಟ್ಟುಹೋಗಿದ್ದಾನೆ. ಅಡ್ಡಹೆಸರು, ಅಂದರೆ ಮನೆತನದ ಹೆಸರು ಅವನದೇ, ಶಾಲೆಯ ದಾಖಲೆಯಲ್ಲೂ ಅವನದೇ. ಊರಲ್ಲಿ ಆ ಅಡ್ಡಹೆಸರು ಕೇಳಿದ ಕೂಡಲೇ ಜನ ಅಪ್ಪನ ವಿಷಯ ತೆಗೆಯುತ್ತಾರೆ. ಅದರ ಮೂರನೇ ಭಾಗದ ಹಿಂಬದಿಯಲ್ಲಿ ಖಾಲಿ ವಂಶವೃಕ್ಷ ಹಾಕಿ, ನಿಮ್ಮ ಮನೆಯವರ ಹೆಸರು ತುಂಬಿ ಎಂದಿದ್ದೆ. ಒಂದು ಕ್ಲಾಸಿನಲ್ಲಿ ಪ್ರತಿಗಳನ್ನು ನೋಡಿದರೆ ಐದಾರು ಮಕ್ಕಳು ಅಪ್ಪನ ಜಾಗವನ್ನು ಖಾಲಿ ಬಿಟ್ಟಿದ್ದರು, ಒಬ್ಬ ಆ ಗೆರೆಯನ್ನೇ ಪೆನ್ನಿನಿಂದ ಗೀಚಿದ್ದ. ಮರುಮುದ್ರಣದಲ್ಲಿ ಮರವನ್ನು ತೆಗೆದು ಒಂದು ಸಾಲು ಹಾಕಿದೆ: ನಿನ್ನೆ ರಾತ್ರಿ ನಿನ್ನ ಜೊತೆ ಊಟಕ್ಕೆ ಕೂತವರ ಹೆಸರು ಬರಿ. ಪುಟ ಸಾಲಲಿಲ್ಲ. ಅಜ್ಜಿ, ಸೋದರಮಾವ, ಹಾಸ್ಟೆಲ್ಲಿನ ಗೆಳತಿಯರು, ಅಡುಗೆಯವರು, ನಾಯಿ, ಎಲ್ಲ ಬಂದರು. ಮನೆ ಅಂದರೆ ಏನು ಎಂದು ಆ ಪುಟಗಳಿಂದ ನಾನು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ. ಮೂರನೇ ಕತೆ ಹುಟ್ಟಿದ್ದೂ ಅಲ್ಲಿಂದಲೇ.

ಕೊನೆಗೆ ನೀತಿ ಹಾಕಿ ಎಂದು ಕೇಳುವವರು ಈಗಲೂ ಇದ್ದಾರೆ. ಹಾಕುವುದಿಲ್ಲ. ಭಾಗವನ್ನು ಎಲ್ಲಿ ಕತ್ತರಿಸಬೇಕು ಎಂದೂ ಬಹಳ ಜನ ಕೇಳುತ್ತಾರೆ. ಮೊದಲ ಎರಡು ಪುಟ ಮುಖಪುಟಕ್ಕೆ, ವಿವರಕ್ಕೆ ಹೋದರೆ ಉಳಿದ 14ರಲ್ಲಿ ಎರಡೂವರೆ ಸಾವಿರ ಪದ ಹಿಡಿಯುತ್ತದೆ, ಇಷ್ಟು ಹೇಳಬಲ್ಲೆ. ಕೊನೆಯ ಸಾಲು ಹೇಗಿರಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ದೂರದ ಊರಿನವರು ಪೂರ್ತಿ ಸೆಟ್ಟು ಕೇಳಿದರೆ ಅಂಚೆಯಲ್ಲಿ ಕಳಿಸುತ್ತೇನೆ. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ನಮ್ಮಂಥವರಿಗೆ ಕಷ್ಟವಾಗಿತ್ತು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಒಂದು ಭಾಗ 17 ಗ್ರಾಂ ತೂಗುತ್ತದೆ. ಹತ್ತೂ ಸೇರಿಸಿ ದಪ್ಪ ಲಕೋಟೆಗೆ ಹಾಕಿದರೂ ಆರಾಮಾಗಿ ಅದರೊಳಗೇ ಬರುತ್ತದೆ.

ಈ ದಾರಿ ಹಿಡಿಯುವವರಿಗೆ ಒಂದು ಮಾತು. ಪ್ರೆಸ್ಸಿಗೆ ಮಾರ್ಚ್‌ನಲ್ಲೇ ಹೋಗಿ ಒಂದು, ಎರಡನೇ ಭಾಗ ಅಚ್ಚು ಹಾಕಿಸಿಕೊಳ್ಳಿ. ಏಪ್ರಿಲ್, ಮೇ ಪೂರ್ತಿ ಮದುವೆ ಕಾರ್ಡಿನ ಗದ್ದಲ. 1500 ಪ್ರತಿಯ ಒಂದು ಫಾರಮ್ಮಿಗೆ ಆಗ ಮಷಿನ್ ಖಾಲಿ ಇರುವುದಿಲ್ಲ, ಶಾಲೆ ಮಾತ್ರ ಜೂನ್‌ಗೆ ಸರಿಯಾಗಿ ಶುರುವಾಗುತ್ತದೆ.