ಟೂತ್‌ಪೇಸ್ಟಿನಲ್ಲಿ ಎದ್ದ ದ್ವೀಪ

ಎಂಟನೇ ಕ್ಲಾಸಿಗೆ ಜ್ವಾಲಾಮುಖಿ ಪಾಠ ಶುರು ಮಾಡಿದರೆ ಸಾಕು, ಯಾರಾದರೂ ಕೇಳೇ ಕೇಳುತ್ತಾರೆ: "ಮಿಸ್, ಲಾಲ್‌ಬಾಗ್ ಬಂಡೆನೂ ಲಾವಾನಾ?" ಅಲ್ಲ. ಅದು ಸುಮಾರು 300 ಕೋಟಿ ವರ್ಷ ಹಳೆಯ 'ನೈಸ್' (gneiss) ಅನ್ನುವ ಕಲ್ಲು, ಭೂಮಿಯ ಆಳದ ಬಿಸಿ, ಒತ್ತಡಕ್ಕೆ ರೂಪ ಬದಲಾಗಿದ್ದು. ಲಾವಾದ ಕಲ್ಲು ನೋಡಬೇಕಾದರೆ ವಿಜಯಪುರದ ಕಡೆ ಹೋಗಬೇಕು. ಆ ಕಲ್ಲಿನ ತವರುಮನೆ ಮಾತ್ರ ಈಗ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಅಡಿಯಲ್ಲಿದೆ! ಬರೀ ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ಅದಕ್ಕೇ ಮಾದರಿ ಮಾಡಿದೆ.

ಹಳೇ ಮದುವೆ ಕಾರ್ಡಿಗೆ ಸಾಲಾಗಿ ತೂತು ಕೊರೆದು, ಕೆಳಗಿನಿಂದ ಟೂತ್‌ಪೇಸ್ಟ್ ಒತ್ತಿದೆ. ಕಾರ್ಡು ಅಂದರೆ ನಿಧಾನವಾಗಿ ಸರಿಯುವ ಭೂಮಿಯ ಹೊರಪದರದ ತುಂಡು, ಅಂದರೆ ಫಲಕ; ಟ್ಯೂಬು ಅಂದರೆ ಅದರ ಕೆಳಗೆ ಹೆಚ್ಚುಕಡಿಮೆ ನಿಂತಲ್ಲೇ ನಿಂತ ಲಾವಾದ ಮೂಲ. ಮೊದಲ ಸಲ ಎಡವಟ್ಟಾಯಿತು. ಕಾರ್ಡನ್ನು ಬಿಗಿಯಾಗಿ ಹಿಡಿದು ಟ್ಯೂಬನ್ನು ಸರಿಸಿಬಿಟ್ಟಿದ್ದೆ. "ಬೆಂಕಿ ಭೂಮಿಯೊಳಗೆ ಓಡಾಡುತ್ತೆ ಅಲ್ವಾ ಮಿಸ್?" ಅಂದ ಒಬ್ಬ. ಪಾಪ, ನಾನು ತೋರಿಸಿದ್ದೇ ಹಾಗೆ.

ಮರುದಿನ ಟ್ಯೂಬು ಹಿಡಿಯಲು ಒಬ್ಬಳನ್ನು ಕೂರಿಸಿದೆ. ಕೈ ಅಲುಗಾಡಬಾರದು, ಸುಮ್ನೆ ಒತ್ತಬೇಕು. ನಾನು ಕಾರ್ಡನ್ನು ಉತ್ತರಕ್ಕೆ ಎಳೆಯುತ್ತಾ ಹೋದೆ. ಮೊದಲ ತೂತಿಗೆ ಅರ್ಧ ಟ್ಯೂಬು ಖಾಲಿ. ಅದು 6.6 ಕೋಟಿ ವರ್ಷದ ಹಿಂದೆ ದಖನ್ ಮೇಲೆ ಹರಿದ ಲಾವಾ. ಆಮೇಲಿನ ತೂತುಗಳಿಗೆ ಸ್ವಲ್ಪ ಸ್ವಲ್ಪ: ಲಕ್ಷದ್ವೀಪ, ಮಾಲ್ಡೀವ್ಸ್. ಅಲ್ಲಿ ಬೆಂಕಿಬೆಟ್ಟಗಳು ಮುಳುಗಿವೆ, ನೀರಿನ ಮೇಲೆ ಕಾಣುವುದು ಹವಳ. ಹಾಗಾಗಿ ಪೇಸ್ಟನ್ನು ಬೆರಳಲ್ಲಿ ಅದುಮಿ ಮೇಲೆ ರವೆ ಉದುರಿಸಿದೆ. ಮಾರಿಷಸ್ ಬಂದಾಗ ಕಾರ್ಡು ಬದಲಿಸಲೇಬೇಕು, ಅದು ಆಫ್ರಿಕಾದ ಫಲಕದ ಮೇಲಿದೆ. ಈ ತೊಡಕನ್ನು ಬಿಟ್ಟುಬಿಡೋಣ ಅನ್ನಿಸಿತ್ತು. ಆದರೆ ಮಕ್ಕಳಿಗೆ ಜಾಸ್ತಿ ಇಷ್ಟವಾಗಿದ್ದೇ ಆ ಎರಡನೇ ಕಾರ್ಡು.

ಕೊನೆಯ ತೂತು ರೀಯೂನಿಯನ್. ಅಲ್ಲಿ ಪಿಟೋನ್ ದ ಲಾ ಫೂರ್ನೇಸ್ ಅನ್ನುವ ಜ್ವಾಲಾಮುಖಿ ಈಗಲೂ ಆಗಾಗ ಲಾವಾ ಉಗುಳುತ್ತದೆ. ಪಕ್ಕದ ಹಳೇ ಬೆಟ್ಟ 3,000 ಮೀಟರಿಗೂ ಎತ್ತರ. ಅದರ ಮಗ್ಗುಲಿನ ಮಫಾತ್ ಕಣಿವೆಯ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್. ಇನ್ನೊಂದು ಕಣಿವೆ ಸಿಲಾವೋಸ್, ಚನ್ನಂಗಿ ಬೇಳೆಗೆ ಹೆಸರುವಾಸಿ. ಇನ್ನು ಮಳೆ! 1966ರ ಜನವರಿಯಲ್ಲಿ ಚಂಡಮಾರುತ ಬಂದಾಗ ದ್ವೀಪದ ಫೋಕ್-ಫೋಕ್ ಎಂಬ ಜಾಗದಲ್ಲಿ 24 ಗಂಟೆಯಲ್ಲಿ 1,825 ಮಿಲಿಮೀಟರ್ ಸುರಿಯಿತು. ನಮ್ಮ ಬೆಂಗಳೂರಿಗೆ ಇಡೀ ವರ್ಷಕ್ಕೆ ಸರಾಸರಿ 1,000 ಕೂಡ ಇಲ್ಲ.

ಟ್ಯೂಬು ಹಿಡಿದಿದ್ದ ಹುಡುಗಿಯ ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. "ಮಿಸ್, ನಮ್ಮೂರ ಎರಿ ಹೊಲ ಇದರದ್ದೇನ್ರಿ?" ಅಂತ ಕೇಳಿದಳು. ಆ ಕಲ್ಲು ಸವೆದೇ ಎರೆ ಮಣ್ಣಾಗಿದ್ದು ಅಂದೆ. ಮೊದಲ ತೂತಿನ ಪಕ್ಕ ಪೆನ್ನಿನಲ್ಲಿ ಊರ ಹೆಸರು ಬರೆದಳು.

ಪೇಸ್ಟ್ ಒಣಗಿದರೆ ಬಿರುಕು ಬಿಟ್ಟು ಉದುರುತ್ತದೆ. ಪ್ರತಿ ವರ್ಷ ಹೊಸ ಕಾರ್ಡು ಹುಡುಕುತ್ತೇನೆ. ದಪ್ಪ ಇದ್ದಷ್ಟೂ ಒಳ್ಳೆಯದು.