ಹೊಸಿಲಲ್ಲಿ ದುಡ್ಡು: ಮಾಲು ಎತ್ತುವಾಗಿನ ಜಗಳ ನಾನು ನಿಲ್ಲಿಸಿದ್ದು ಹೀಗೆ

ಮನೆಗಳಿಂದ ಹಳೇ ಬೀರು, ಫ್ರಿಜ್, ವಾಷಿಂಗ್ ಮಷೀನ್, ಮಂಚ, ಸೋಫಾ ಕೊಂಡು, ಎತ್ತಿ ತಂದು ಮಾರುವ ನಮ್ಮ ಕಸುಬಿನಲ್ಲಿ ರೇಟು ಕುದುರುವಾಗ ಜಗಳ ಆಗುವುದು ಕಡಿಮೆ. ರೇಟು ಫೋನಿನಲ್ಲೇ ಕುದುರಿರುತ್ತದೆ. ಜಗಳ ಹುಟ್ಟುವುದು ಮಾಲು ಎತ್ತುವ ದಿನ, ಬೆಡ್‌ರೂಮಿನಿಂದ ಲಿಫ್ಟಿನವರೆಗಿನ ಮೂವತ್ತು ಅಡಿಯಲ್ಲಿ. ಬಿಚ್ಚುವುದು ಯಾರು, ಇಳಿಸುವುದು ಯಾರು, ಗೋಡೆಗೆ ಗೀರು ಬಿದ್ದರೆ ಯಾರ ತಲೆಗೆ, ದುಡ್ಡು ಯಾವಾಗ. ಇದಿಷ್ಟನ್ನೂ ಗಾಡಿ ಶೆಡ್ಡಿನಿಂದ ಹೊರಡುವ ಮೊದಲೇ ಒಂದು ಮೆಸೇಜಿನಲ್ಲಿ ಬರೆದು ಮುಗಿಸುವುದನ್ನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಮೊದಲು ವಾರಕ್ಕೊಂದಾದರೂ ಬಾಗಿಲಲ್ಲಿ ನಿಂತು ಕಿತ್ತಾಡುವುದು ಇರುತ್ತಿತ್ತು. ಈಗ ತಿಂಗಳಿಗೊಂದು ಆದರೆ ಹೆಚ್ಚು. ಲಗ್ಗೆರೆ ಕಡೆಯ ನಮ್ಮ ಶೆಡ್ಡಿನ ಅಕ್ಕಪಕ್ಕದವರು ಶುರುವಿನಲ್ಲಿ, "ಹಳೇ ಮಂಚಕ್ಕೆ ಅಗ್ರಿಮೆಂಟಾ ಗುರು? ಸೈಟ್ ರಿಜಿಸ್ಟ್ರೇಷನ್ ಮಾಡಿಸ್ತಿದೀಯಾ?" ಎಂದು ನಕ್ಕಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಮೆಸೇಜನ್ನೇ ಕಾಪಿ ಹೊಡೆದು ಪಾರ್ಟಿಗಳಿಗೆ ಕಳಿಸುತ್ತಾರೆ, ಸ್ಪೆಲ್ಲಿಂಗ್ ತಪ್ಪುಗಳ ಸಮೇತ.

ಬೆಂಗಳೂರಿನಲ್ಲಿ ಒಳ್ಳೆ ಮಾಲು ಬರುವುದೇ ತಿಂಗಳ ಕೊನೆಗೆ. 11 ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಖಾಲಿ ಮಾಡುವವರು, ಕೆಲಸ ಬದಲಾಗಿ ಹೈದರಾಬಾದಿಗೋ ಪುಣೆಗೋ ಹೊರಟವರು. ಸಂಜೆಯೊಳಗೆ ಬೀಗದಕೈ ಓನರ್ ಕೈಗಿಡದಿದ್ದರೆ ಅಡ್ವಾನ್ಸಿಗೆ ಕತ್ತರಿ. ಇದು ಗೊತ್ತಿರುವ ಕೊಳ್ಳುವವನು ಬಾಗಿಲಿಗೆ ಬಂದ ಮೇಲೆ "ಇಲ್ಲಿ ತುಕ್ಕು ಹಿಡಿದಿದೆ, ಎರಡು ಸಾವಿರ ಕಮ್ಮಿ ಮಾಡಿ" ಅನ್ನುತ್ತಾನೆ. ನಮ್ಮವರಲ್ಲಿ ಅರ್ಧ ಜನ ಬದುಕುವುದೇ ಈ ಬಾಗಿಲ ಚೌಕಾಸಿಯಲ್ಲಿ, ಮುಚ್ಚಿಡುವುದೇನಿದೆ. ಮಾರುವವನೂ ಸಾಧು ಅಲ್ಲ. ಕೆಳಗೆ ಗಾಡಿ ನಿಂತಿದೆ, ಬಾಡಿಗೆ ಓಡುತ್ತಿದೆ ಎಂದು ಕಂಡ ಕೂಡಲೇ "ಸರ್, ಇನ್ನೊಬ್ರು ಸಾವಿರ ಜಾಸ್ತಿ ಹೇಳ್ತಿದಾರೆ" ಶುರು. ಯಾರ ಹೊತ್ತು ಮೊದಲು ಮುಗಿಯುತ್ತದೋ ಅವನು ಬಗ್ಗುತ್ತಾನೆ.

ವೈಟ್‌ಫೀಲ್ಡಿಗೆ ಟಾಟಾ ಏಸ್ ಹೋಗಿ ಬರಲು ಈಗ ಹೆಚ್ಚುಕಮ್ಮಿ 1,800. ಇಬ್ಬರು ಹುಡುಗರ ಕೂಲಿ, ಊಟ, ಟೀ ಸೇರಿದರೆ ಖಾಲಿ ವಾಪಸ್ ಬಂದ ಒಂದು ಗಾಡಿಗೆ ಮೂರು ಸಾವಿರದ ಮೇಲೆ ಹೊಡೆತ. ತಿಂಗಳಿಗೆ ನಾಲ್ಕೈದು ಹಾಗೆ ಬಂದರೆ ಶೆಡ್ಡಿನ ಬಾಡಿಗೆಯಷ್ಟು ದುಡ್ಡು ರಸ್ತೆಯಲ್ಲೇ ಹೋಯಿತು. ಸೀದಾ ಹೇಳಬೇಕೆಂದರೆ ನನ್ನನ್ನು ಬದಲಾಯಿಸಿದ್ದು ಈ ಲೆಕ್ಕ.

ಎಲ್ಲ ರೀತಿಯಲ್ಲೂ ಮಾಡಿ ನೋಡಿದೆ. ಪೂರ್ತಿ ದುಡ್ಡು ಮೊದಲೇ ಹಾಕಿದರೆ ರೇಟು ಚೆನ್ನಾಗಿ ಇಳಿಯುತ್ತದೆ, ಆದರೆ ಹೋಗುವಷ್ಟರಲ್ಲಿ ಫೋಟೋದಲ್ಲಿದ್ದ ಡಬಲ್ ಡೋರ್ ಫ್ರಿಜ್ಜಿನ ಟ್ರೇಗಳು, ಸ್ಟೆಬಿಲೈಸರ್ ಮಾಯ. "ಅದು ಸೇರಿಸಿ ಹೇಳಿರಲಿಲ್ಲ" ಅನ್ನುತ್ತಾರೆ. ಏನೂ ಕೊಡದೆ ಹೊರಟರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇರುವಾಗ "ಸಾರಿ, ಸೋಲ್ಡ್" ಎಂದು ಮೆಸೇಜ್. ಕಾಲು ಭಾಗ ಅಡ್ವಾನ್ಸ್ ಕೊಟ್ಟರೆ, ಡೀಲ್ ಮುರಿದಾಗ ಅದನ್ನು ವಾಪಸ್ ಪಡೆಯುವುದೇ ಇನ್ನೊಂದು ಕಸುಬು. ಲೋಡ್ ಆದ ಮೇಲೆ ದುಡ್ಡು ಅಂದರೆ ಮಾರುವವರಿಗೆ ನಡುಕ, ಗಾಡಿ ಓಡಿಸಿಕೊಂಡು ಹೋಗಿಬಿಟ್ಟರೆ? ಸೆಕ್ಯೂರಿಟಿಗೆ ಫೋನ್ ಮಾಡಿ ಗೇಟ್ ಹಾಕಿಸಿದವರಿದ್ದಾರೆ. ಒಂದು ಕಡೆ ಮಂಚ ಬಿಚ್ಚಿ ಇಳಿಸಿ, ಹಗ್ಗ ಕಟ್ಟಿದ ಮೇಲೆ ಗೊತ್ತಾಯಿತು, ಆ ಮನೆಯವರದು ಮೇಂಟೆನೆನ್ಸ್ ಬಾಕಿ, ಅಸೋಸಿಯೇಷನ್‌ನವರು ಸಾಮಾನು ಹೊರಗೆ ಬಿಡುವ ಗೇಟ್ ಪಾಸ್ ಕೊಡಲ್ಲ ಎಂದು. ಮಧ್ಯಾಹ್ನವೆಲ್ಲ ಬೇಸ್‌ಮೆಂಟಿನಲ್ಲಿ ಗಾಡಿಯೊಳಗೆ ಕೂತಿದ್ದೆವು. ವೇಟಿಂಗ್ ಚಾರ್ಜ್ ನನ್ನ ಮೇಲೆ.

ಈಗ ಮಾಡುವುದು ಇಷ್ಟೇ. ವಿಡಿಯೋ ಕಾಲ್‌ನಲ್ಲಿ ಮಾಲು ಓಡುವುದನ್ನು ನೋಡುತ್ತೇನೆ, ಮಾಲಿನಿಂದ ಲಿಫ್ಟಿನವರೆಗೆ ಫೋನ್ ಹಿಡಿದು ನಡೆಯಲು ಹೇಳುತ್ತೇನೆ, ಆಮೇಲೆ ಒಂದು ಮೆಸೇಜ್. ವಾಷಿಂಗ್ ಮಷೀನಿಗೆ ಹೀಗಿರುತ್ತದೆ:

"ಮೇಡಂ, 7 ಕೆಜಿ ಫ್ರಂಟ್ ಲೋಡ್, 9,500. ನೀರು ಖಾಲಿ ಮಾಡಿ ಪೈಪ್ ಬಿಚ್ಚಿಡೋದು ನಿಮ್ಮದು. ಗೇಟ್ ಪಾಸ್, ಮೂವ್ ಔಟ್ ಚಾರ್ಜ್ ನಿಮ್ಮದು. ಇಳಿಸೋದು, ಲೋಡಿಂಗ್ ನಮ್ಮದು. ಶನಿವಾರ 11ರಿಂದ 1. ಓಡಿಸಿ ತೋರಿಸಿ, ಹೊಸಿಲಲ್ಲಿ ದುಡ್ಡು. ಟೋಕನ್ 500: ನಾವು ಬರದಿದ್ರೆ ನಿಮಗೇ. ನೀವು ಬೇರೆಯವರಿಗೆ ಕೊಟ್ರೆ ಟೋಕನ್ ವಾಪಸ್, ಗಾಡಿ ಬಾಡಿಗೆನೂ ನಿಮ್ಮದು. ಒಪ್ಪಿಗೆ ಅಂತ ಬರೆದು ಕಳ್ಸಿ."

ಹೆಬ್ಬೆರಳಿನ ಚಿತ್ರ ಕಳಿಸಿದರೆ ಒಪ್ಪುವುದಿಲ್ಲ. "ನಾನು ಸುಮ್ನೆ ನೋಡ್ದೆ ಅಂತ ಹಾಕಿದ್ದು" ಅನ್ನುವವರು ಸಿಕ್ಕಿದ್ದಾರೆ. ಅಕ್ಷರ ಬೇಕು, ಇಲ್ಲವೇ ವಾಯ್ಸ್ ಮೆಸೇಜ್.

ಹೊಸಿಲ ಲೆಕ್ಕದಲ್ಲೇ ಗುಟ್ಟಿರುವುದು. ಹೊಸಿಲೊಳಗೆ ಇರುವಷ್ಟು ಹೊತ್ತು ಮಾಲು ಅವರದು. ನಮ್ಮ ಹುಡುಗರು ಕೈಹಾಕಿ ಬಾಗಿಲವರೆಗೆ ತರುತ್ತಾರೆ, ಮನೆಯವರೊಬ್ಬರು ಜೊತೆಗೆ ನಿಂತಿರಬೇಕು. ಅಲ್ಲಿ ನಿಲ್ಲಿಸಿ ಯುಪಿಐ ಮಾಡುತ್ತೇನೆ. ಅವರ ಫೋನಿಗೆ ಬ್ಯಾಂಕಿನ ಮೆಸೇಜ್ ಬಂದ ಮೇಲೆ ಮಾಲು ಹೊರಗೆ. ಅಲ್ಲಿಂದಾಚೆ ಮೆಟ್ಟಿಲಲ್ಲಿ ಉರುಳಿ ಬಿದ್ದರೂ ಅದು ನನ್ನ ಹಣೆಬರಹ, ಅವರನ್ನು ಒಂದು ಪೈಸೆ ಕೇಳುವುದಿಲ್ಲ. ಒಳಗಿನ ಗೋಡೆಗೆ ನಮ್ಮ ಹುಡುಗರಿಂದ ಗೀರು ಬಿದ್ದರೆ ಮಾತ್ರ ನಾನು ಕೊಡುತ್ತೇನೆ, ಅದಕ್ಕೂ ಮಿತಿ ಮೊದಲೇ ಹೇಳಿರುತ್ತೇನೆ. ಇಬ್ಬರಿಗೂ ಧೈರ್ಯ ಬರುವ ಜಾಗ ಅದೊಂದೇ: ಮಾರುವವರ ಮಾಲು ಇನ್ನೂ ಮನೆಯಲ್ಲೇ ಇದೆ, ನಾನು ಮಾಲು ನೋಡಿ ಆಗಿದೆ.

ಪುಸ್ತಕದ ಬೀರು ಮಾರಿದ ವಕೀಲರೊಬ್ಬರು ನನ್ನ ಮೆಸೇಜ್ ಓದಿ, "ಇದನ್ನೇ ಅಲ್ಲವೇನಯ್ಯ 1930ರ ಸರಕು ಮಾರಾಟ ಕಾಯ್ದೆ ಹೇಳೋದು" ಎಂದರು. ಬೇರೆ ಮಾತಾಗದಿದ್ದರೆ ಮಾಲು ಎಲ್ಲಿದೆಯೋ ಅಲ್ಲೇ ಕೊಡಬೇಕು, ದುಡ್ಡು ಮತ್ತು ಮಾಲು ಒಟ್ಟಿಗೇ ಕೈ ಬದಲಾಗಬೇಕು, ಮಾಲನ್ನು ಕೊಡುವ ಸ್ಥಿತಿಗೆ ತರುವ ಖರ್ಚು ಮಾರುವವನದು. ಅಂದರೆ ಪೈಪ್ ಬಿಚ್ಚುವುದು ಅವರದೇ! ಅಂದಿನಿಂದ ಆ ಸಾಲನ್ನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ. ಸೈಬರ್ ವಂಚನೆಯ ಸಹಾಯವಾಣಿಯ ನಂಬರೂ 1930 ಆದ್ದರಿಂದ ಮರೆಯುವ ಪ್ರಶ್ನೆಯೇ ಇಲ್ಲ.

ಆ ವಂಚನೆಯಿಂದ ನಮಗೂ ತೊಂದರೆ. "ನಾನು ಆರ್ಮಿಯಲ್ಲಿದ್ದೀನಿ, ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದು ಮಾರುವವರ ಖಾತೆ ಬಳಿದವರ ದೆಸೆಯಿಂದ ಟೋಕನ್ ಅಂದರೇ ಜನ ಹೆದರುತ್ತಾರೆ. ಅದಕ್ಕೆ ನಾನು ಕೋಡು ಗೀಡು ಏನೂ ಕಳಿಸುವುದಿಲ್ಲ. ಮಾರುವವರು ಜಾಹೀರಾತಿನಲ್ಲಿ ಕೊಟ್ಟ ನಂಬರಿಗೇ ಮೊದಲು ಒಂದು ರೂಪಾಯಿ ಹಾಕಿ, ಬಂತಾ ಎಂದು ಕೇಳಿ, ಆಮೇಲೆ ಉಳಿದ 499. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ ಎಂದು ನಾನೇ ಹೇಳಿಬಿಡುತ್ತೇನೆ. ಅಲ್ಲಿಗೆ ನಂಬಿಕೆ ಕೂರುತ್ತದೆ.

ಹೊಸಿಲ ಲೆಕ್ಕ ಮುಗ್ಗರಿಸಿದ್ದು ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳಲ್ಲಿ. ಒಂದು ಮನೆಯಲ್ಲಿ ತೇಗದ ಮಂಚ ಬಾಗಿಲಿಗೆ ಬಂದು, ನಾನು ಫೋನ್ ತೆಗೆದೆ. ಒಳಗಿನಿಂದ ಅಜ್ಜಿ, "ಹೊಸಿಲ ಮೇಲೆ ನಿಂತು ಕೊಡೋದು ತಗೊಳ್ಳೋದು ಮಾಡ್ತಾರೇನಪ್ಪ? ಒಳಗೆ ಬಾ, ಇಲ್ಲ ಆಚೆ ಹೋಗು" ಎಂದರು. ಅದೂ ಶುಕ್ರವಾರ. ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಕಳಿಸುವುದಿಲ್ಲ ಎಂದು ಮಂಚ ಮತ್ತೆ ಒಳಗೆ ಹೋಯಿತು. ಮಗ ಒಪ್ಪಿದ್ದ, ಅಜ್ಜಿಯನ್ನು ಕೇಳಿರಲಿಲ್ಲ. ಗಾಡಿ ಬಾಡಿಗೆ ಅರ್ಧ ಅವನು ಕೊಟ್ಟ, ಶನಿವಾರ ಎತ್ತಿದೆವು. ಈಗ ಅಂಥ ಮನೆಗಳಿಗೆ ಮಂಗಳವಾರ, ಶುಕ್ರವಾರ ಗಾಡಿ ಹಾಕುವುದಿಲ್ಲ, ದುಡ್ಡನ್ನು ಒಳಗೆ ನಡುಮನೆಯಲ್ಲೇ ಕೂತು ಕೊಡುತ್ತೇನೆ. ಕೊನೆಗೆ ಮಂಚ ಮನೆಯಾಚೆ ಕಳಿಸಲು ಹೇಳಬೇಕಾದವರು ಯಾರು ಎಂಬುದನ್ನು ಫೋನಿನಲ್ಲೇ ತಿಳಿಯಲು ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆದರೆ ಪಕ್ಕದ ಶೆಡ್ಡಿನವರಿಗೂ ಸಿಗುತ್ತದೆ, ಬಿಡಿ.

ಅಳತೆಯ ಜಗಳ ಇನ್ನೊಂದು. ಉಕ್ಕಿನ ದೊಡ್ಡ ಬೀರು 78 ಇಂಚು ಎತ್ತರ, 36 ಅಗಲ, 19 ಆಳ. ಬಹಳ ಲಿಫ್ಟುಗಳ ಬಾಗಿಲೂ ಆರೂವರೆ ಅಡಿಯ ಆಸುಪಾಸೇ, ಇನ್ನು ಅಡಿಯಲ್ಲಿ ಟ್ರಾಲಿ ಇಟ್ಟರೆ ಮುಗಿಯಿತು, ಹೋಗುವುದಿಲ್ಲ. ಕ್ವೀನ್ ಸೈಜಿನ ಸ್ಪ್ರಿಂಗ್ ಹಾಸಿಗೆ ಮಡಚುವುದಿಲ್ಲ. ಹೀಗಾದಾಗ "ನೀವು ನೋಡ್ಕೊಂಡು ಬರ್ಬೇಕಿತ್ತು", "ನೀವು ಹೇಳ್ಬೇಕಿತ್ತು". ಆದ್ದರಿಂದ ಲಿಫ್ಟಿನ ಬಾಗಿಲಿನ ಅಳತೆ ಮೊದಲೇ ತರಿಸುತ್ತೇನೆ. ಟೇಪು ಯಾರ ಮನೆಯಲ್ಲೂ ಇರುವುದಿಲ್ಲ. ಅದರ ಬದಲು ಏನು ಹಿಡಿದು ಫೋಟೋ ತೆಗೆಯಲು ಹೇಳುತ್ತೇನೆ ಎಂಬುದೂ ನನ್ನ ಹತ್ತಿರವೇ ಇರಲಿ. ಹಲಗೆ ಮೇಲೆತ್ತಿ ಕೆಳಗೆ ಸಾಮಾನಿಡುವ ಹೈಡ್ರಾಲಿಕ್ ಮಂಚಗಳಿಗೆ ಒಂದು ಸಾಲು ಹೆಚ್ಚಿಗೆ ಸೇರಿಸಿ. ಅವುಗಳ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಮೊದಲಿನ ಹಾಗೆ ಹಿಡಿಯುವುದಿಲ್ಲ, ಬಿಚ್ಚಿದ ಮೇಲೆ "ಬೇಡ, ವಾಪಸ್ ಜೋಡಿಸಿ" ಅಂದರೆ ಯಾರಿಂದಲೂ ಆಗದು. ಆದ್ದರಿಂದ ಇಂಥ ಮಂಚಕ್ಕೆ ಮಾತ್ರ ದುಡ್ಡು ಮೊದಲ ಸ್ಕ್ರೂ ಬಿಚ್ಚುವ ಮುಂಚೆ.

ಇದರ ನಡುವೆ ಟ್ರಾನ್ಸಿಟ್ ಬೋಲ್ಟಿನ ಹುಚ್ಚು ಹಿಡಿಯಿತು. ಫ್ರಂಟ್ ಲೋಡ್ ಮಷೀನ್ ಹೊಸದಾಗಿ ಬಂದಾಗ ಹಿಂಭಾಗದಲ್ಲಿ ಡ್ರಮ್ ಅಲ್ಲಾಡದ ಹಾಗೆ ಬೋಲ್ಟುಗಳಿರುತ್ತವೆ, ಸಾಮಾನ್ಯವಾಗಿ ನಾಲ್ಕು. ಫಿಟ್ಟಿಂಗಿಗೆ ಬಂದವನು ಬಿಚ್ಚಿ ಕೊಟ್ಟಿದ್ದನ್ನು ಇಟ್ಟುಕೊಂಡಿರುವ ಮನೆ ನೂರಕ್ಕೆ ಐದು. ಅದಿಲ್ಲದೆ ಅರವತ್ತು ಎಪ್ಪತ್ತು ಕೆಜಿಯ ಮಷೀನನ್ನು ನಮ್ಮ ರಸ್ತೆಗಳಲ್ಲಿ ತಂದರೆ ಡ್ರಮ್ಮಿನ ಕುಲುಕಾಟ ತಡೆಯುವ ಸ್ಪ್ರಿಂಗು, ಡ್ಯಾಂಪರ್ ಕಥೆ ಮುಗಿದು, ನಮ್ಮಿಂದ ಕೊಂಡವರು ಸ್ಪಿನ್ನಿನಲ್ಲಿ ಮಷೀನ್ ಕುಣಿಯುತ್ತದೆ ಎಂದು ವಾಪಸ್ ಬರುತ್ತಾರೆ. ಮೇಲಿನ ಮುಚ್ಚಳ ತೆಗೆದು ಸಂದಿಯಲ್ಲಿ ಫೋಮ್ ತುಂಬಿ ನೋಡಿದೆ, ಹತ್ತಿರದ ದಾರಿಗೆ ಪರವಾಗಿಲ್ಲ. ಆಮೇಲೆ ಪೀಣ್ಯದ ಲೇತಿನಲ್ಲಿ ಸೆಟ್‌ಗೆ 400 ಚಿಲ್ಲರೆ ಕೊಟ್ಟು ಆ ಬೋಲ್ಟುಗಳನ್ನೇ ಮಾಡಿಸಿದೆ. ಕಂಪನಿಗೊಂದು ಅಳತೆ ಇರುವುದರಿಂದ ಮೂರು ಬಗೆ ಬೇಕಾಯಿತು. ದುಡ್ಡು ಎರಡೇ ತಿಂಗಳಲ್ಲಿ ಹುಟ್ಟಿತು.

ಫ್ರಿಜ್ಜಿಗೆ ತದ್ವಿರುದ್ಧ ಕಷ್ಟ. ನಾವು ಹೋದಾಗ ಓಡುತ್ತಿರಬೇಕು, ತಣ್ಣಗಿರಬೇಕು. ಒರೆಸಿ, ಆಫ್ ಮಾಡಿ, ಬಾಗಿಲು ತೆರೆದಿಟ್ಟ ಫ್ರಿಜ್ಜನ್ನು ನಾನು ನಂಬುವುದಿಲ್ಲ. ಆದರೆ ಐಸ್ ಕಟ್ಟಿದ್ದನ್ನು ಹಾಗೇ ಇಳಿಸಿದರೆ ಲಿಫ್ಟ್ ತುಂಬ ನೀರು, ಅಸೋಸಿಯೇಷನ್‌ನವರ ದಂಡ. ಸಿಂಗಲ್ ಡೋರ್ ಆದರೆ ಹಿಂದಿನ ರಾತ್ರಿ ಐಸ್ ಕರಗಿಸಿ ಬೆಳಗ್ಗೆ ಮತ್ತೆ ಆನ್ ಮಾಡಿಡಲು ಹೇಳುತ್ತೇನೆ. ಐಸನ್ನು ತಾನೇ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀಗೆ ಆ ತಲೆನೋವಿಲ್ಲ.

ಮಾರುವ ಕಡೆ ನನಗೆ ತಲೆನೋವು "ನಾಳೆ ಎತ್ಕೋತೀನಿ ಅಣ್ಣ" ಎಂದು ಅಡ್ವಾನ್ಸ್ ಕೊಟ್ಟು ಮಾಯವಾಗುವವರು. ಸೋಫಾ ಒಂದು ಮಳೆಗಾಲವೆಲ್ಲ ಶೆಡ್ಡಿನ ಮಧ್ಯೆ ಕೂತಿತ್ತು. ಎತ್ತಿಕೊಂಡು ಹೋಗಿ ಎಂದ ಮೇಲೂ ತಕ್ಕ ಸಮಯದಲ್ಲಿ ಎತ್ತದಿದ್ದರೆ ಇಟ್ಟುಕೊಂಡ ಖರ್ಚು ಕೇಳಬಹುದು ಎಂದು ಅದೇ ಕಾಯ್ದೆಯಲ್ಲಿದೆಯಂತೆ, ವಕೀಲರು ತೋರಿಸಿದರು. ಬಿಲ್ಲಿನ ಮೇಲೆ ಮೂರು ದಿನದ ನಂತರ ದಿನಕ್ಕೆ 50 ಎಂದು ಬರೆಯತೊಡಗಿದೆ. ವಸೂಲಾಗಿದ್ದು ಕೆಲವು ನೂರು ರೂಪಾಯಿ, ಆದರೆ ಓದಿದವರು ಗಾಡಿ ತಂದುಬಿಡುತ್ತಾರೆ.

ಈ ಪದ್ಧತಿಗೂ ಬಗ್ಗದ್ದು ನಾಲ್ಕೈದು ಹುಡುಗರು ಸೇರಿ ಇರುವ ಫ್ಲಾಟುಗಳು. ಫ್ರಿಜ್ ಮೂವರದು, ಒಪ್ಪಿಗೆ ಬರೆದವನು ಒಬ್ಬ, ಹೊಸಿಲಲ್ಲಿ ಅಡ್ಡ ನಿಂತವನು ಇನ್ನೊಬ್ಬ. ಕೆಲವು ಕಡೆ ಮಾಲು ಅವರದ್ದೇ ಅಲ್ಲ, ತಿಂಗಳ ಬಾಡಿಗೆಗೆ ತಂದದ್ದು. ಹಿಂಭಾಗದಲ್ಲಿ ಬಾಡಿಗೆ ಕಂಪನಿಯ ಬಾರ್‌ಕೋಡ್ ಸ್ಟಿಕ್ಕರ್ ಇದೆಯೇ, ಕಿತ್ತ ಗುರುತಿದೆಯೇ ಎಂದು ವಿಡಿಯೋದಲ್ಲೇ ನೋಡಿಬಿಡಿ. ಫ್ಲಾಟಿನ ಹುಡುಗರಿಗೆ ಈಗ ಗುಂಪು ಮಾಡಿ ಎಲ್ಲರಿಂದಲೂ ಒಪ್ಪಿಗೆ ಬರೆಸಿಕೊಳ್ಳುತ್ತಿದ್ದೇನೆ, ದುಡ್ಡು ಯಾರ ಖಾತೆಗೆ ಎಂಬುದನ್ನೂ ಅಲ್ಲೇ. ಒಬ್ಬ ಬರೆಯದಿದ್ದರೂ ಗಾಡಿ ಹಾಕುವುದಿಲ್ಲ. ಇದರಿಂದ ಒಂದಿಷ್ಟು ಮಾಲು ಕೈತಪ್ಪಿದೆ, ಅದೂ ನಿಜ. ಮುಂದಿನ ತಿಂಗಳ ಕೊನೆಗೆ ಅಂಥವರಿಗೆ ಟೋಕನ್ 500ರ ಬದಲು ಸಾವಿರ ಕೊಟ್ಟು ನೋಡುವವನಿದ್ದೇನೆ.